ಚಿಲ್ಲರೆ

ಬೆಟಗೇರಿಯ ಆ ಪೆಪ್ಪರಮಿಂಟ್ ಕಾರಖಾನೆ ಮುಚ್ಚಿದ್ದು
ನಾನು ಹುಟ್ಟುವ ಎರಡು ವರ್ಷ ಮೊದಲು.
ಪೊಟ್ಟಣಕ್ಕೊಂದು ಪಟ ಇಡುತ್ತಿದ್ದರಂತೆ, ಕಡ್ಡಿಪೆಟ್ಟಿಗೆಯ ಅಗಲ;
ಊರ ಹಾಕಿ ಹುಡುಗರು, ಒಂದರಿಂದ ನಲವತ್ತು.
ರಟ್ಟು ಹೊಸದಲ್ಲ, ಮದುವೆ ಕಾರ್ಡು ಕತ್ತರಿಸಿ ಉಳಿದದ್ದು.
ಬೆನ್ನು ತಿರುವಿದರೆ ಒಂದಕ್ಕೆ ಅರ್ಧ ಗಣಪತಿ,
ಒಂದಕ್ಕೆ ‘ತಮ್ಮ ಆಗಮನಾಭಿ’,
ಅಲ್ಲಿಗೇ ಕತ್ತರಿ.

ಮೊದಲನೇ ನಂಬರಿನವ ದೊಡ್ಡ ಊರುಗಳಿಗೆ ಆಡಲು ಹೋದ.
ಅವನ ಪಟ ಹುಬ್ಬಳ್ಳಿ ದುರ್ಗದ ಬೈಲಿನಲ್ಲಿ
ಒಬ್ಬನ ಗಾಜಿನಡಿ ಇದೆ. ಬೆಲೆ ಕೇಳಿದರೆ
ಆತ ಮೊದಲು ನನ್ನ ಚಪ್ಪಲಿ ನೋಡುತ್ತಾನೆ.

ನನ್ನ ಪಾಲಿಗೆ ಉಳಿದವರು
ಬದಲಿ ಆಟಗಾರರು, ಬೆಂಚು ಕಾದವರು,
ಒಂದೇ ಪಂದ್ಯಕ್ಕೆ ಮೊಣಕಾಲು ಕೊಟ್ಟು ಕೂತವರು.
ರದ್ದಿ ಅಂಗಡಿಯ ಹುಸೇನಬಿ ಎಲ್ಲರನ್ನೂ ತಕ್ಕಡಿಗೆ ಹಾಕಿದಳು.
ಮುಳ್ಳು ಅಲ್ಲಾಡಲಿಲ್ಲ.
‘ಏನಂತ ತೂಗ್ಲಿ ಇದನ್ನ? ಹತ್ತ ರೂಪಾಯಿ ಇಟ್ಟು ನಡೀ.’
ಎಣಿಸಿದೆ: ಹನ್ನೊಂದು ಮಂದಿ.
ಗೋಲ್‌ಕೀಪರ್ ಮೂವರು, ಫಾರ್ವರ್ಡ್ ಒಬ್ಬನೂ ಇಲ್ಲ.

ಪಾಲಾ-ಬಾದಾಮಿ ರಸ್ತೆಯಲ್ಲಿ ನನ್ನದು ಚಾಳೀಸಿನ ಅಂಗಡಿ.
ಗಿರಾಕಿ ಇಲ್ಲದ ಮಧ್ಯಾಹ್ನ ಮಸೂರ ಹಿಡಿದು ಕೂರುತ್ತೇನೆ.
ಮೂಲೆ ಸವೆದಿದ್ದರೆ ನಾಲ್ಕಾಣೆ ಕಡಿತ,
ಹುಳ ತಿಂದಿದ್ದರೆ ಎಂಟಾಣೆ,
ಮಿಠಾಯಿ ಅಂಟಿನ ಕಲೆಗೆ ಏನೂ ಕಳೆಯುವುದಿಲ್ಲ,
ಯಾವುದೋ ಹುಡುಗ ಚೀಪಿದ್ದಾನೆ.
ನೀಲಿ ನೋಟ್‌ಬುಕ್ಕಿನಲ್ಲಿ ನನ್ನದೇ ದರಪಟ್ಟಿ.
‘ಕೊಳ್ಳಾವ್ರೂ ನೀವ, ಮಾರಾವ್ರೂ ನೀವ,
ಚೌಕಾಸಿ ಯಾರ ಕೂಡ?’ ಅನ್ನುತ್ತಾಳೆ ಹೆಂಡತಿ.

ಮೊನ್ನೆ ಒಬ್ಬ ಅಜ್ಜ ಬಂದ, ಹತ್ತಿರದ್ದು ಕಾಣವಲ್ಲದು ಅಂತ.
ಚೀಟಿಗೆ ಹೆಸರು ಬರೆಯುವಾಗ ನನ್ನ ಕೈ ನಿಂತಿತು.
ತಿಮೊಥಿ ಹಂಚಿನಾಳ.
ಮೂವತ್ತೊಂದನೇ ನಂಬರು, ಲೆಫ್ಟ್ ಬ್ಯಾಕ್,
ಹೊಡೆದ ಗೋಲು ಸೊನ್ನೆ,
ಆ ಸೊನ್ನೆಯೂ ಪೂರ್ತಿ ಮೂಡದೆ ಒಡೆದ ಬಳೆಯ ಹಾಗೆ.

ಮಸೂರದಡಿ ಇಟ್ಟು ತೋರಿಸಿದೆ.
ಬಹಳ ಹೊತ್ತು ಬಾಗಿದ್ದ.
‘ಇಂವ ನಾ ಅಲ್ಲೋ.
ಫೋಟೋ ತಗಿಯೂ ದಿನ ಹತ್ತಿ ಗಿರಣ್ಯಾಗ ನಂದು ಹಗಲ ಪಾಳಿ.
ಸೂಟಿ ಕೊಡಲಿಲ್ಲ. ಹೇಣ್ತಿ ತಮ್ಮ ಎಲೀಯಗ
ನನ್ನ ಅಂಗಿ ತೊಡಿಸಿ ಕಳಿಸಿದೆ.
ನೋಡು, ಸ್ಟಿಕ್ ಹೆಂಗ ಹಿಡದಾನ,
ಕಟಗಿ ಒಡಿಯೂ ಕೊಡ್ಲಿ ಹಿಡದಂಗ!’
ನಕ್ಕ, ಕೆಮ್ಮಿದ. ‘ಎಷ್ಟ ಕೊಟ್ಟಿ ಇದಕ್ಕ?’
‘ಲೆಕ್ಕಕ್ಕ ತೊಂಬತ್ತು ಪೈಸಾ ಬಿತ್ರಿ.’
‘ಅವಂಗ ಅದು ಹೆಚ್ಚಾತು.’

ಅಚ್ಚು ತಪ್ಪಿದ್ದರೆ ಬೆಲೆ ಏರುತ್ತದೆ ಅನ್ನುತ್ತಾನೆ ದುರ್ಗದ ಬೈಲಿನವ.
ಇಲ್ಲಿ ಅಚ್ಚು ತಪ್ಪಿಲ್ಲ.
ಹೆಸರು ಒಬ್ಬನದು, ಮುಖ ಒಬ್ಬನದು,
ನಡುವೆ ಒಂದು ದಿನದ ಪಗಾರ.
ಅದಕ್ಕೆಷ್ಟು ಕೂಡಿಸಬೇಕೋ ತಿಳಿಯದೆ
ಕಾಲಂ ಖಾಲಿ ಬಿಟ್ಟೆ.

ಶುಕ್ರವಾರ ಹೊಸ ಚಾಳೀಸು ಕಿವಿಗೇರಿಸಿ
ಅಜ್ಜ ಮತ್ತೆ ಪಟ ಕೇಳಿದ.
ಎಲೀಯನ ಕಡೆ ನೋಡಲೇ ಇಲ್ಲ.
ಉಗುರು ಊರಿದ್ದು ಹಿಂದೆ, ಗೋಲಿನ ಕಂಬದಾಚೆ:
ಒಂದು ಸೈಕಲ್ಲು, ಒಬ್ಬ ಮನುಷ್ಯ, ಹ್ಯಾಂಡಲ್ಲಿಗೆ ಬುತ್ತಿ ಡಬ್ಬಿ.
‘ಊಟದ ಸೂಟಿಗೆ ಓಡಿ ಬಂದಿದ್ದೆ,
ನೆಟ್ಟಗ ನಿಂತಾನೋ ಇಲ್ಲೋ ನೋಡಾಕ.
ಇಂವ ನಾನ ಇರಬೇಕು.’
ಚಾಳೀಸು ತೆಗೆದು ಒರೆಸಿದ.
‘ಇರಲಿಕ್ಕೂ ಇಲ್ಲ. ಸೈಕಲ್ ಎಲ್ಲಾರ ಕಡೆ ಇದ್ದುವು.’

ಅವನು ಮೆಟ್ಟಿಲಿಳಿದ ಮೇಲೆ ದೊಡ್ಡ ಮಸೂರ ಇಟ್ಟೆ.
ಸೈಕಲ್ಲು ಚುಕ್ಕೆ ಚುಕ್ಕೆಯಾಗಿ ಒಡೆಯಿತು,
ಮಸಿ, ರಟ್ಟಿನ ನಾರು, ಮಸಿ.
ತೆಗೆದೆ. ಮತ್ತೆ ಸೈಕಲ್ಲು.

ಒಳಗೆ ಮುಂದಿನ ಗಿರಾಕಿ, ಒಂದು ಕಣ್ಣು ಮುಚ್ಚಿಕೊಂಡು,
ಬೋರ್ಡಿನ ಕೊನೇ ಸಾಲು ಓದುತ್ತಿದ್ದಳು:
‘ರ... ಠ...
ಅಲ್ಲ, ತಡೀರಿ,
ಈ.’