ಹನ್ನೊಂದು ಸೆಕೆಂಡು

ಸೆಮಿನಾರಿನಲ್ಲಿ ಅರಾಬಾ ಒಂದು ಪದಕ್ಕೆ ತಡವರಿಸಿದಳು.
ಯಾರೋ ಫೋನಿನಲ್ಲಿ ಹಿಡಿದರು. ಹನ್ನೊಂದು ಸೆಕೆಂಡು.
ಸಂಜೆಯೊಳಗೆ ಕೇಪ್ ಕೋಸ್ಟಿನ ಹಾಸ್ಟೆಲ್ಲುಗಳಲ್ಲೆಲ್ಲ
ಅವಳ ಬಾಯಿ ತೆರೆದೇ ಇತ್ತು,
ಮೇಕೆಯ ದನಿ ಅಂಟಿಸಿಕೊಂಡು.

ಈಗ ಹಾಜರಿಗೆ ಕೈಯಷ್ಟೇ ಎತ್ತುತ್ತಾಳೆ.
ರಾತ್ರಿ ದಿಂಬಿನಡಿ ಅವಳ ಫೋನು ಗುಂಯ್‌ಗುಡುತ್ತದೆ,
ಬೆಂಕಿಪೊಟ್ಟಣದೊಳಗಿನ ಜೀರುಂಡೆ.
ಮೇಲಿನ ಮಂಚದಲ್ಲಿ ನಾನು
ಉಸಿರು ಬಿಗಿಹಿಡಿದು ಎಣಿಸುತ್ತೇನೆ.

ಮೇಕೆಯ ದನಿ ಹುಡುಕಿ ಅಂಟಿಸಿದವಳು ನಾನೇ.
ಹೆಸರಿಲ್ಲದ ಖಾತೆ, ದಾಸವಾಳದ ಚಿತ್ರ.

ಇವತ್ತು ಒಣ ಬಾಳೆಲೆ ಬಿಚ್ಚಿ
ಹುಳಿಜೋಳದ ಕೆಂಕೆಯಲ್ಲಿ ದೊಡ್ಡ ಪಾಲು
ನನ್ನ ಕಡೆ ಸರಿಸಿದಳು.
ಹುರಿದ ಮೀನು, ಮೆಣಸಿನ ಚಟ್ನಿ.
ನನ್ನ ಕಣ್ಣು ತುಂಬಿತು.

ಒಂದು ವಾರದ ಮೇಲೆ ಅವಳ ಮೊದಲ ಮಾತು:
“ಖಾರ ಆಯ್ತಾ?”

ಹೂಂ, ಅಂದೆ.