ಬಿಚ್ಚುವ ಕೈ

ಕೌಲ್ ಬಜಾರಿನ ಹಿಂದೆ, ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿ
ನೀಲಿ ನೀರಿನ ಮೇಲೆ ಕಾಲು ಜಾರಿತು.
ಬಿದ್ದದ್ದು ಮೆಲ್ಲಗೇ.
ಕೈ ಊರಿದ್ದು ನೆನಪು, ಆಮೇಲೆ
ಒಣ ಜೋಳದ ದಂಟು ಮುರಿದ ಸದ್ದು.

ಐವತ್ಮೂರು ನನಗೆ. ಮುಟ್ಟು ನಿಂತು ಐದು ವರ್ಷ.
"ಇಷ್ಟಕ್ಕೆಲ್ಲಾ ಮುರೀಬಾರದಿತ್ತು" ಎಂದಳು ಡಾಕ್ಟರು,
ಸಿರುಗುಪ್ಪದ ಹುಡುಗಿ, ಫರ್ಹಾನಾ,
ಫಿಲ್ಮನ್ನು ಕಿಟಕಿಗೆ ಹಿಡಿದು.
ಆಚೆ ಕೋಟೆಗುಡ್ಡ, ಬಿಸಿಲಿಗೆ ಬೆಳ್ಳಗಾದ ಒಂದೇ ಬಂಡೆ.
ಅದರ ಮೇಲೆ ನನ್ನ ಮಣಿಕಟ್ಟು,
ಸವೆದ ಅರಿವೆಯಲ್ಲಿ ಎಳೆ ಕಾಣುವ ಹಾಗೆ.

ಎಲುಬು ಅಂದರೆ ಕಲ್ಲು ಅಂದುಕೊಂಡಿದ್ದೆ.
ಅಲ್ಲವಂತೆ. ದಿನಾ ಬಿಚ್ಚಿ ದಿನಾ ಹೊಲಿಯುತ್ತಾರಂತೆ ಒಳಗೆ.
ಹತ್ತು ವರ್ಷಕ್ಕೆ ಹೆಚ್ಚೂಕಡಿಮೆ ಪೂರಾ ಹೊಸದು.
ಹಾಗಾದರೆ ಸಂಡೂರಿನ ಗಣಿಯಲ್ಲಿ ಬುಟ್ಟಿ ಹೊತ್ತವಳು,
ಸೀರೆ ನೆರಿಗೆಯಲ್ಲೆಲ್ಲ ಕೆಂಪು ಧೂಳು ತಂದವಳು,
ನನ್ನ ಎಲುಬಿನಲ್ಲಿ ಅವಳು ಚೂರೂ ಇಲ್ಲ.

ಕಟ್ಟುವ ಕೋಶ ಒಂದು, ಒಡೆಯುವ ಕೋಶ ಒಂದು.
ಹಗೆಗಳಿರಬೇಕು ಎಂದೆ. ಅದೂ ಅಲ್ಲ.
ಒಡೆಯುವುದನ್ನು ಕರೆಯುವುದೇ ಕಟ್ಟುವ ಕಡೆಯವರು.
ಚೀಟಿ ಕಳಿಸುತ್ತಾರೆ. ಚೀಟಿಯೆಂದರೆ ಪ್ರೋಟೀನು,
ಬೇಳೆಯಲ್ಲಿದೆಯಲ್ಲ, ಅದೇ ಜಾತಿ, ಕಸುಬು ಬೇರೆ.

ನನಗೆ ನಗು ಬಂತು.
ಮೂವತ್ತು ವರ್ಷ ಇನ್ನೇನು ಮಾಡಿದೆ ನಾನು?
ಜಿಪ್ಪಿನ ಹತ್ತಿರ ಹೊಲಿಗೆ ಸೊಟ್ಟಾದರೆ
ಸೀಮೆಸುಣ್ಣದಲ್ಲಿ ಗೀಟು ಎಳೆದು
ಮೂಲೆಯ ನೂರುನ್ನೀಸಾಳ ಬುಟ್ಟಿಗೆ ಎಸೆಯುತ್ತಿದ್ದೆ.
ಬ್ಲೇಡಿನ ತುದಿಯಲ್ಲಿ ಟಕಟಕ ಬಿಚ್ಚುವಳು.
ಬಿಚ್ಚಿದ ತುಂಡಿಗೆ ಇಷ್ಟೆಂದು ಕೂಲಿ.
ಅವಳನ್ನು ಯಾರೂ ಹಾಳುಮಾಡುವವಳು ಅನ್ನಲಿಲ್ಲ.

ದಾರಿಯಲ್ಲಿ ಮೇಸ್ತ್ರಿ ಖಾಸೀಂ ಸಾಬ ಇದ್ದ.
ಬುಟ್ಟಿಗೆ ಹೋಗುವ ತುಂಡನ್ನು ನಡುವೆಯೇ ಹಿಡಿದು
"ಇದು ನಡೀತದೆ ಬಿಡು" ಎಂದು ಗೀಟು ಒರೆಸುವವ.
ಎಲುಬಿನಲ್ಲೂ ಅಂಥವನೊಬ್ಬ ಇದ್ದಾನಂತೆ.
ಮುಟ್ಟಿನ ರಸ ಇರುವ ತನಕ ಅವನಿಗೆ ಬಲ.
ಅದು ಬತ್ತಿದರೆ ಅವನು ಕುರ್ಚಿಯಲ್ಲೇ ತೂಕಡಿಸುತ್ತಾನೆ,
ಚೀಟಿಗಳೆಲ್ಲ ನೆಟ್ಟಗೆ ಮುಟ್ಟುತ್ತವೆ.

ಒಡೆದ ಜಾಗದಿಂದಲೂ ಕೂಗು ಏಳುತ್ತದಂತೆ,
ಗೋಡೆಯಲ್ಲಿ ಮೊದಲೇ ಹೂತಿಟ್ಟ ಮಾತು: ಬನ್ನಿ, ಕಟ್ಟಿ.
ಬರುತ್ತಾರೆ. ನನ್ನ ವಯಸ್ಸಿಗೆ ಸಾಲದಷ್ಟು ಬರುತ್ತಾರೆ.

ಅವಳು ಹೇಳಿದ್ದರಲ್ಲಿ ಒಂದು ಮಾತು ಮನೆಗೂ ಬಂತು.
ಕಟ್ಟುತ್ತ ಕಟ್ಟುತ್ತ ಕೆಲವರು ಗೋಡೆಯೊಳಗೇ ಉಳಿಯುತ್ತಾರೆ.
ಸಾಯುವುದಿಲ್ಲ. ಸಣ್ಣ ಸಣ್ಣ ಕೈ ಚಾಚಿ
ಒಬ್ಬರನ್ನೊಬ್ಬರು ಮುಟ್ಟಿಕೊಂಡು ಕೂತಿರುತ್ತಾರೆ,
ಮೇಲೆ ಎಷ್ಟು ಭಾರ ಬಿತ್ತು ಎಂದು ಲೆಕ್ಕ ಇಡುತ್ತ.
ಭಾರ ಬೀಳದಿದ್ದರೆ ಅವರೂ ಒಂದು ಪ್ರೋಟೀನು ಕಳಿಸುತ್ತಾರೆ,
ಕಟ್ಟುವವರಿಗೆ: ಸಾಕು, ನಿಲ್ಲಿಸಿ.

ಮೂವತ್ತು ವರ್ಷ ಹಗಲಿಗೆ ಹತ್ತು ತಾಸು
ಕುತ್ತಿಗೆ ಬಗ್ಗಿಸಿ ಮಷೀನಿನ ಮುಂದೆ.
ಕೂತು ದುಡಿದದ್ದು ಅವರ ಲೆಕ್ಕದಲ್ಲಿ
ದುಡಿಮೆಯೇ ಅಲ್ಲ ನೋಡು.

ಒಂದು ಸೂಜಿ ಇದೆ, ಆರು ತಿಂಗಳಿಗೊಮ್ಮೆ,
ಖಾಸೀಂ ಸಾಬನ ಕೆಲಸ ಮಾಡುವಂಥದ್ದು.
"ಶುರು ಮಾಡಿದರೆ ತಪ್ಪಿಸಬೇಡಮ್ಮ,
ತಪ್ಪಿದರೆ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬರ್ತದೆ."
ಎಷ್ಟಾಗುತ್ತದೆ ಎಂದು ಕೇಳಿದೆ.
ಫಿಲ್ಮನ್ನು ಕವರಿಗೆ ಹಾಕುತ್ತ ಅವಳು ಬೇರೇನೋ ಹೇಳಿದಳು,
ರಾಗಿ, ಮೊಸರು, ಬೆಳಗಿನ ಬಿಸಿಲು.
ಬಳ್ಳಾರಿಯಲ್ಲಿ ಬಿಸಿಲನ್ನು ಬರೆದುಕೊಟ್ಟ ಡಾಕ್ಟರು!

ಸಂಜೆ ನೂರುನ್ನೀಸಾ ಬಂದಳು, ಉಗುರಲ್ಲಿ ನೀಲಿ.
"ನೀನಿಲ್ಲದೆ ಬುಟ್ಟಿ ತುಂಬೈತೆ ಹುಲಿಗೆಮ್ಮಕ್ಕ.
ನಾ ಬಿಚ್ತಾ ಹೋದ್ರೆ ಹೊಲಿಯೋರ್‍ಯಾರು?"
ಸೆರಗಿನ ಗಂಟಿನಿಂದ ಸೀಮೆಸುಣ್ಣ ತೆಗೆದು
ನನ್ನ ಪ್ಲಾಸ್ಟರಿನ ಮೇಲೆ ಗೀಟು ಎಳೆಯಲು ಬಂದಳು.
ಇನ್ನೂ ಐದು ವಾರ ಐತೆ ಕಣೇ, ಎಂದು ಕೈ ಹಿಂದಕ್ಕೆಳೆದೆ.

ಮುಂದಿನ ಸಲ ಡಾಕ್ಟರನ್ನು ಕೇಳಬೇಕು,
ಗಿರಣಿಯಿಂದ ಹಿಟ್ಟಿನ ಡಬ್ಬಿ ತಲೆ ಮೇಲೆ ಹೊತ್ತು ತಂದರೆ
ಗೋಡೆಯೊಳಗಿನವರು ಅದನ್ನು ಎಣಿಸುತ್ತಾರೋ
ಇಲ್ಲವೋ.