ಶನಿವಾರದ ಸೀಸೆ

ಆಸ್ಟ್ರೇಲಿಯಾದ ಈ ಪಡುವಣ ತುದಿಯಲ್ಲಿ, ಬನ್‌ಬರಿಯಲ್ಲಿ,
ಜನವರಿ ಅಂದರೆ ನಡುಬೇಸಿಗೆ.
ಕಡಲಗಾಳಿ ಮೂರು ಗಂಟೆಗೆ ಬರುತ್ತದೆ, ಬಂದರೆ.
ನನ್ನ ಅಂಗಡಿಗೆ ಜನ ನೀರು ಹಿಡಿದು ಬರುತ್ತಾರೆ:
ಜಾಮಿನ ಸೀಸೆ, ವಿನೆಗರ್ ಬಾಟಲಿ,
ಒಮ್ಮೆ ಮಗುವಿನ ಹಾಲಿನ ಬಾಟಲಿ, ನಿಪ್ಪಲ್ ಸಮೇತ.
ಹಿತ್ತಲ ಈಜುಕೊಳ ಯಾಕೆ ಹಸಿರಾಯಿತು, ಝೋರ್ಕಾ, ಹೇಳು.

ಹನಿ ಬಿಡುತ್ತೇನೆ. ಕೆಂಪು, ಹಳದಿ, ನೇರಳೆ.
ಬಾಯಿ ಹೇಳಿದ್ದನ್ನು ನೀರು ತಿದ್ದುತ್ತದೆ.
"ದಿನಾ ಉಜ್ಜುತ್ತೇನೆ" ಅನ್ನುವವನ ಸೀಸೆ
"ಇಲ್ಲ" ಅನ್ನುತ್ತದೆ.

ಆಲ್ವಿನ್ ಪಾಸ್ಕೋ ಬರುವುದು ಶನಿವಾರ,
ಹತ್ತಕ್ಕೆ ಐದು ನಿಮಿಷ ಮೊದಲು.
ಮೂವತ್ತೊಂದು ವರ್ಷ ಬಂದರಿನ ಕ್ರೇನ್ ನಡೆಸಿದವನು,
ಸೀಸೆಯನ್ನೂ ಸರಕು ಇಳಿಸಿದಂತೆ
ಕೌಂಟರಿನ ಮೇಲೆ ಸದ್ದಿಲ್ಲದೆ ಇಳಿಸುತ್ತಾನೆ.
ಒಳಗೆ ಬಟಾಣಿ ಬೇಯಿಸಿದ ನೀರಿನ ಬಣ್ಣ.
"ಐದು ಬಕೆಟ್ ಕ್ಲೋರಿನ್ ಸುರಿದೆ," ಅಂದ.
"ಐದೂ ಕುಡಿದು ತೇಗಿತು."

ಮೊದಲ ವಾರ ಹೇಳಿದೆ, ಉಜ್ಜು:
ಮೆಟ್ಟಿಲ ಅಡಿ, ಏಣಿಯ ಸಂದು,
ದೀಪದ ಗಾಜಿನ ಹಿಂದಿನ ಕತ್ತಲು.
ಪಾಚಿಗೆ ಮೂಲೆ ಅಂದರೆ ತವರು.
ಆಮೇಲಿನ ವಾರ: ಮದ್ದು ರಾತ್ರಿ ಹಾಕು,
ಹಗಲು ಹಾಕಿದರೆ ಅರ್ಧ ಪಾಲು ಸೂರ್ಯನಿಗೆ.
ಮೂರನೆಯ ವಾರ
ತಳದಲ್ಲಿ ಕಪ್ಪು ಚುಕ್ಕಿಯಿರುವ ಗಾಜಿನ ಕೊಳವೆ ತೆಗೆದೆ.
ಮಬ್ಬಾದ ನೀರನ್ನು ಚುಕ್ಕಿ ಮರೆಯಾಗುವ ತನಕ ಸುರಿಯಬೇಕು.
ಒಂದಿಂಚಿಗೇ ಮರೆಯಾಯಿತು.

ಬಿಸಿಲಿನಿಂದ ಕ್ಲೋರಿನ್ ಕಾಯಲೆಂದು
ಮಾತ್ರೆಯೊಳಗೆ ಒಬ್ಬ ಕಾವಲುಗಾರ ಇರುತ್ತಾನೆ, ಆಲ್ವಿನ್.
ಮಾತ್ರೆ ಕರಗಿದರೂ ಅವನು ಊರು ಬಿಡುವುದಿಲ್ಲ.
ಹನ್ನೊಂದು ಬೇಸಿಗೆಯ ಕಾವಲುಗಾರರೆಲ್ಲ ನಿನ್ನ ಕೊಳದಲ್ಲಿ
ತೋಳಿಗೆ ತೋಳು ಹೆಣೆದು ನಿಂತಿದ್ದಾರೆ.
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ
ಸುರಿದದ್ದೆಲ್ಲ ಸೆರೆಗೆ.
ಇನ್ನು ಸುರಿಯುವ ಮದ್ದಿಲ್ಲ. ಚೆಲ್ಲುವುದೇ ಮದ್ದು.

"ಚೆಲ್ಲಲಾರೆ," ಅಂದ.
ಖಾಲಿ ಕೊಳ ನೆಲ ಬಿಟ್ಟು ಏಳುತ್ತದೆ.
ಹಿಂದಿನ ಬೀದಿಯ ಹಾಲೆಟ್ಟರ ಮನೆಯಲ್ಲಿ ಕಣ್ಣಾರೆ ಕಂಡಿದ್ದಾನೆ,
ರಾತ್ರಿ ಬರಿದು ಮಾಡಿ ಮಲಗಿದರೆ
ಬೆಳಿಗ್ಗೆ ಕೊಳ ಹುಲ್ಲಿನ ಮೇಲೆ ದೋಣಿಯಂತೆ ವಾಲಿತ್ತು.
ನಿಜವೇ. ಇಲ್ಲಿ ಮರಳಿನ ಕೆಳಗೆ
ಇನ್ನೊಂದು ನೀರು ಹೆಗಲು ಕೊಟ್ಟು ಕಾದಿರುತ್ತದೆ.
"ಹಡಗೂ ಹಾಗೇ," ಅಂದ, "ಸರಕಿಲ್ಲದಾಗ
ಹೊಟ್ಟೆಗೆ ಸಮುದ್ರ ತುಂಬಿಸಿ ಕೂರಿಸುತ್ತಿದ್ದೆವು."

ಹಾಗಾದರೆ ಮೂರರಲ್ಲೊಂದು ಪಾಲು ಚೆಲ್ಲು, ತುಂಬು.
ಮತ್ತೆ ಚೆಲ್ಲು. ಅವಸರ ಬೇಡ.

ಮುಂದಿನ ಶನಿವಾರ ಸೀಸೆ ತಿಳಿಯಾಗಿತ್ತು.
ಎಷ್ಟು ತಿಳಿ ಅಂದರೆ ಅದರಾಚೆಗಿನ
ಕ್ಯಾಲೆಂಡರಿನ ತಾರೀಖು ಓದಬಹುದು.
ಹನಿ ಬಿಟ್ಟೆ. ಕಾವಲುಗಾರ ಒಬ್ಬನೂ ಇಲ್ಲ.
ಅಡುಗೆಮನೆಯ ನಲ್ಲಿ ನೀರು.
ಅವನು ಬಾಗಿಲ ಬಳಿ ಬಲೆಗಳ ಹಿಡಿಕೆ ಎಣಿಸುತ್ತಿದ್ದ.
ಕಿವಿಯ ತುದಿ ಕೆಂಪು.

ನಗು ಬಂತು, ನಗಲಿಲ್ಲ.
ನನ್ನಪ್ಪನೂ ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ
ಸಿಗರೇಟು ಮುಟ್ಟುತ್ತಿರಲಿಲ್ಲ.
"ಒಳ್ಳೆಯ ನೀರು," ಅಂದೆ. "ಕುಡಿಯಬಹುದು."
ಗಟ್ಟಿ ಕೂದಲ ಬ್ರಷ್ ಒಂದು ಕೊಟ್ಟೆ,
ಲೆಕ್ಕದ ಪುಸ್ತಕದಲ್ಲಿ ಸಾಲ ಅಂತ ಬರೆದುಕೊಂಡೆ.

ಅದರ ಮುಂದಿನ ಶನಿವಾರ ಹತ್ತಾಯಿತು. ಹತ್ತೂವರೆ.
ಮೀನುಗಾರರ ಹುಡುಗನೊಬ್ಬ ಬಂದು ಐಸು ಕೇಳಿದ,
ಇಲ್ಲಿಲ್ಲ ಅಂದೆ.
ಹನ್ನೊಂದು ದಾಟಿದ ಮೇಲೆ ಆಲ್ವಿನ್,
ಮೊಣಕಾಲಿಗೆ ಮರಳು, ಅಂಗೈಯಲ್ಲಿ ಎರಡು ಬೊಬ್ಬೆ.
ಸೀಸೆಯಲ್ಲಿ ಹಾಲಿನ ಲೋಟ ತೊಳೆದಂಥ ನೀರು
(ಸತ್ತ ಪಾಚಿ ಬಿಳಿ),
ತಳದಲ್ಲಿ ಬೂದಿಯಂಥ ಗಸಿ, ಪೆಪ್ಪರ್‌ಮಿಂಟ್ ಮರದ ಒಂದೆಲೆ,
ಬ್ರಷ್ಷಿನ ನೀಲಿ ಕೂದಲೊಂದು.
"ಇದು ಕೊಳದ್ದೇ," ಅಂದ,
ನಾನು ಕೇಳದಿದ್ದರೂ.

ಸೋಸಿ, ಪುಡಿ ಬೆರೆಸಿ, ಕೊಳವೆಗೆ ಸುರಿಯತೊಡಗಿದೆ.
ಅವನೂ ಬಾಗಿ ನೋಡಿದ,
ಎತ್ತರದಿಂದ ಹಡಗಿನ ಹೊಟ್ಟೆ ನೋಡುವವನಂತೆ.
ಒಂದಿಂಚು. ಎರಡು.
ಚುಕ್ಕಿ ಇನ್ನೂ ಕಾಣುತ್ತಿತ್ತು.